ವಿಕ್ರೋಳಿಯಲ್ಲಿ ಇಳಿಯುವ ಪಾಠ

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಭಾಂಡುಪ್‌ನ ಚಾಳಿನಲ್ಲಿ ನನ್ನ ಪಕ್ಕದ ಖೋಲಿಯವರು ವಿಜಾಪುರದ ಕಡೆಯವರು. ನಾವಿಬ್ಬರೂ ಒಂದೇ ಲೋಕಲ್ ರೈಲಿನಲ್ಲಿ ವಿಕ್ರೋಳಿಯ ಕಾರ್ಖಾನೆಗೆ ಹೋಗುತ್ತಿದ್ದೆವು. ಹಿಂದಿನ ಸ್ಟೇಷನ್ ಕಾಂಜೂರಿನಲ್ಲೇ ಬಾಗಿಲಿಗೆ ಸರಿಯಿರಿ ಎಂದು ದಿನಾ ಬಡಕೊಳ್ಳುತ್ತಿದ್ದೆ. “ಗೊತ್ತೈತಿ ತಗೋರಿ,” ಎಂದು ಕೈ ಬೀಸಿ ಫ್ಯಾನಿನ ಕೆಳಗೇ ನಿಲ್ಲುವರು. ನೂಕುನುಗ್ಗಲಿನಲ್ಲಿ ಇಳಿಯಲಾಗದೆ ಮುಂದಿನ ಸ್ಟೇಷನ್ ಘಾಟ್ಕೋಪರ್‌ವರೆಗೆ ಹೋಗಿ, ಕಾರ್ಖಾನೆಯ ಗೇಟು ಮುಚ್ಚಿದ ಮೇಲೆ ಬರುವರು.

ಒಂದು ಬೆಳಿಗ್ಗೆ ಭಾವಮೈದುನನನ್ನು ಮೊದಲ ದಿನದ ಕೆಲಸಕ್ಕೆ ಕರೆತಂದರು. ಗಾಡಿಯಲ್ಲಿ ಅವನ ಭುಜ ಹಿಡಿದು, “ಕಾಂಜೂರ ಬಂತಂದ್ರ ಬಾಗಲ ಕಡೆ ಸರೀಬೇಕ ತಮ್ಮಾ. ಇಲ್ಲಂದ್ರ ಮಂದಿ ಇಳಿಯಾಕ ಬಿಡಂಗಿಲ್ಲ,” ಎಂದು ನನ್ನ ಮಾತನ್ನೇ ಉಪದೇಶ ಮಾಡತೊಡಗಿದರು. ನಾನು ಬಾಯಿಬಿಟ್ಟು ಕೇಳುತ್ತ ನಿಂತೆ. ವಿಕ್ರೋಳಿ ಬಂತು, ಹೋಯಿತು. ಮೂವರೂ ಒಳಗೇ.

ಅವರು ನನ್ನತ್ತ ತಿರುಗಿ ಸಿಡುಕಿದರು: “ನೀವಾದ್ರೂ ಒಂದ್ ಮಾತ ಹೇಳಬಾರದೇನ್ರೀ?”