ಮೂರು ಸಾಲು ಬ್ಲಾಕು, ಒಂದು ಸುಳ್ಳು ರೂಲು

‘ಸರ್, ನೀವು ಹೇಳಿದ ರೂಲು ಪಾಲಿಕೆಯಾಗ ಇಲ್ಲಂತ್ರಿ.’

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಹೊರಗೆ ನಿಂತು ಪಕ್ಕದ ಮನೆಯ ರೇಣುಕಾ ಹೀಗೆಂದಾಗ ನಾನು ಗಿಡಗಳಿಗೆ ನೀರು ಬಿಡುತ್ತಿದ್ದೆ. ಪೈಪು ಕೈಯಲ್ಲೇ ಇತ್ತು. ನೀರು ನನ್ನ ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ಅದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆ ರೂಲು ಪಾಲಿಕೆಯಲ್ಲಿ ಇರಲು ಹೇಗೆ ಸಾಧ್ಯ? ಅದನ್ನು ಹುಟ್ಟಿಸಿದವನೇ ನಾನು!

ಮೊದಲಿನಿಂದ ಹೇಳುತ್ತೇನೆ. ಈ ಅಂಕಣವನ್ನು ಬಿಡದೆ ಓದುವವರಿಗೆ ನೆನಪಿರಬಹುದು. ಕೆಲವು ತಿಂಗಳ ಹಿಂದೆ ಇಲ್ಲೇ ಕಾಂಪೌಂಡ್ ಪುರಾಣ ಬರೆದಿದ್ದೆ. ರಾಯಚೂರಿನ ಹೊಸ ಲೇಔಟುಗಳಲ್ಲಿ ಜನ ಚರಂಡಿಯ ಮೇಲೆ ಬಂಡೆ ಹಾಸಿ ಹೇಗೆ ಸ್ವಂತ ಮಾಡಿಕೊಳ್ಳುತ್ತಾರೆ, ಗೇಟು ಹೇಗೆ ರಸ್ತೆಗೇ ತೆರೆದುಕೊಳ್ಳುತ್ತದೆ, ಗೋಡೆ ಮುಗಿದ ಮೇಲೂ ಎರಡಡಿ ಜಾಗಕ್ಕೆ ತಂತಿ ಸುತ್ತಿ ಹೇಗೆ ದಾಸವಾಳ ನೆಡುತ್ತಾರೆ ಎಂದೆಲ್ಲ ಗೇಲಿ ಮಾಡಿದ್ದೆ. ‘ಮೊದಲು ರೂಲ್ಸ್ ಓದಿ ಸ್ವಾಮಿ’ ಎಂದು ಬುದ್ಧಿಯನ್ನೂ ಹೇಳಿದ್ದೆ. ಮೆಚ್ಚಿ ಬಹಳ ಜನ ಫೋನ್ ಮಾಡಿದರು. (ನಾನು ರೂಲ್ಸ್ ಓದಿದ್ದೆನೇ? ಇಲ್ಲ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.)

ರೇಣುಕಾ ದೇವದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮನೆಯಲ್ಲಿ ಅವರು, ಅವರ ತಾಯಿ ಹುಲಿಗೆಮ್ಮ, ಇಬ್ಬರೇ. ಹುಲಿಗೆಮ್ಮ ಯಾಪಲದಿನ್ನಿಯಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದ ಹೆಂಗಸು. ಅವರ ಹಾಲ್‌ನಲ್ಲಿ ದೊಡ್ಡದೊಂದು ಬುದ್ಧನ ಚಿತ್ರವಿದೆ. ಬಾಗಿಲು ತೆರೆದರೆ ರಸ್ತೆಗೂ ಕಾಣುತ್ತದೆ. ದಲಿತರು. ನಾವು ಮಾನ್ವಿಯಿಂದ ಬಂದ ವೈಷ್ಣವರು. ನಾನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು, ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವನು. ನನ್ನ ತಾಯಿಗೆ ಈಗಲೂ ಮಡಿ.

ಎರಡೂ ಮನೆಗಳ ನಡುವೆ ಎದೆಮಟ್ಟದ ಗೋಡೆಯಿತ್ತು. ಆರು ವರ್ಷ ಎಲ್ಲ ವ್ಯವಹಾರ ಅದರ ಮೇಲಿಂದಲೇ. ‘ನಳ ಬಂತೇನ್ರಿ?’, ‘ನಿಮ್ಮ ಮನ್ಯಾಗೂ ಕರೆಂಟ್ ಹೋತಾ?’, ಈ ಕಡೆಯಿಂದ ಒಂದು ಹಿಡಿ ಕರಿಬೇವು, ಆ ಕಡೆಯಿಂದ ನಾಲ್ಕು ನಿಂಬೆಹಣ್ಣು. ಅಮ್ಮನ ಕೈಯನ್ನು ಗೋಡೆಯ ಮೇಲೆ ಇಡಿಸಿ ರೇಣುಕಾ ಬಿಪಿ ಕೂಡ ನೋಡುತ್ತಿದ್ದರು. (ಅಮ್ಮನ ಸ್ನಾನಕ್ಕೆ ಮೊದಲು. ಸ್ನಾನವಾದ ಮೇಲೆ ಅಮ್ಮನ ಬಿಪಿ ಯಾವ ಡಾಕ್ಟರಿಗೂ ಸಿಗುವುದಿಲ್ಲ!)

ಬೇಸಿಗೆಯ ಒಂದು ದಿನ ನಮ್ಮೂರಿನ ಧೂಳುಗಾಳಿ ಎದ್ದಿತು. ಹಿತ್ತಲಿನ ಗಳದ ಮೇಲೆ ಅಮ್ಮನ ಮಡಿ ಸೀರೆ ಒಣಗುತ್ತಿತ್ತು. ಮಡಿಯ ಸೀರೆಯನ್ನು ಬೇರೆಯವರು ಮುಟ್ಟುವಂತಿಲ್ಲ. ಮನೆಯವನಾದ ನಾನೂ ಮುಟ್ಟುವಂತಿಲ್ಲ. ಗಾಳಿಗೆ ಈ ಶಾಸ್ತ್ರ ಗೊತ್ತಿಲ್ಲವಲ್ಲ, ಸೀರೆಯನ್ನು ಎತ್ತಿ ಪಕ್ಕದ ಅಂಗಳಕ್ಕೆ ಹಾಕಿತು. ಡ್ಯೂಟಿಗೆ ಹೊರಟಿದ್ದ ರೇಣುಕಾ ಬ್ಯಾಗನ್ನು ಕೆಳಗಿಟ್ಟು, ಸೀರೆಯ ಧೂಳು ಜಾಡಿಸಿ, ಆಸ್ಪತ್ರೆಯ ಬೆಡ್‌ಶೀಟಿನಂತೆ ನೀಟಾಗಿ ಮಡಚಿ ಗೋಡೆಯ ಮೇಲಿಂದ ಚಾಚಿದರು.

‘ಅಜ್ಜಿ, ನಿಮ್ಮ ಸೀರಿ ತಗೋರಿ.’

‘ಅಲ್ಲೇ ಗೋಡಿ ಮ್ಯಾಲೆ ಇಡವಾ’ ಎಂದಳು ಅಮ್ಮ. ನಗುತ್ತಲೇ ಅಂದಳು. ಆಮೇಲೆ ಕೋಲಿನಿಂದ ಸೀರೆಯನ್ನು ಎತ್ತಿ ನೇರ ಬಕೆಟ್ಟಿನ ನೀರಿಗೆ ಹಾಕಿದಳು. ರೇಣುಕಾ ಇನ್ನೂ ಗೋಡೆಯ ಬಳಿಯೇ ಇದ್ದರು. ನೋಡಿದರು. ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಹೋದರು.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಎಲ್ಲವನ್ನೂ ಕಂಡೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಸಂಜೆ ಹೋಗಿ ‘ತಪ್ಪಾಯ್ತಮ್ಮಾ’ ಎಂದಿದ್ದರೆ ಮುಗಿಯುತ್ತಿತ್ತು. ಅಮ್ಮನ ಜೊತೆ ಕೂತು ಜಗಳವನ್ನಾದರೂ ಆಡಬಹುದಿತ್ತು. ನಾನೇನು ಮಾಡಿದೆ ಗೊತ್ತೇ? ಗೌಂಡಿಯನ್ನು ಕರೆಸಿದೆ. ಗೋಡೆಯ ಮೇಲೆ ಮೂರು ಸಾಲು ಸಿಮೆಂಟ್ ಬ್ಲಾಕ್ ಏರಿಸಿದೆ. ಇನ್ನು ಸೀರೆ ಹಾರುವುದಿಲ್ಲ, ಯಾರೂ ಮುಟ್ಟುವುದಿಲ್ಲ, ಯಾರಿಗೂ ನೋವಿಲ್ಲ! ಎಂಥ ತಲೆ ನೋಡಿ ನನ್ನದು.

ಗೌಂಡಿ ಸಿಮೆಂಟ್ ಕಲಸುವಾಗ ರೇಣುಕಾ ಕೇಳಿದರು. ‘ಯಾಕ್ರಿ ಸರ್, ಗೋಡಿ ಏರ್ಸಾಕತ್ತೀರಿ?’

ನನ್ನ ಬಾಯಿಂದ ಸಲೀಸಾಗಿ ಬಂತು. ‘ಪಾಲಿಕೆ ರೂಲ್ ಅದಮ್ಮಾ. ಸೈಡ್ ಗೋಡಿ ಇಷ್ಟು ಎತ್ತರ ಇರಲೇಬೇಕಂತ. ಇಲ್ಲಂದ್ರ ನೋಟಿಸ್ ಕೊಡ್ತಾರಂತ.’

‘ಹೌದ್ರಿ? ಹಂಗಾದ್ರ ಆ ಕಡಿ ಗೋಡಿ ನಾವೂ ಏರಿಸ್ಬೇಕಲ್ರಿ.’

ಆಗಲಾದರೂ ತಡೆಯಬಹುದಿತ್ತು. ‘ನೋಡ್ರಿ, ಅನುಕೂಲ ಆದಾಗ’ ಎಂದೆ.

ನಾವು ಎಷ್ಟು ಸುಲಭವಾಗಿ ರೂಲಿನ ಹಿಂದೆ ಅಡಗುತ್ತೇವೆ ಗಮನಿಸಿದ್ದೀರಾ? ಬಾಡಿಗೆ ಮನೆ ಕೇಳಲು ಬಂದವರ ಹೆಸರು ಕೇಳುತ್ತೇವೆ, ಊರು ಕೇಳುತ್ತೇವೆ, ಊಟದಲ್ಲಿ ಏನೇನು ತಿನ್ನುತ್ತೀರೆಂದು ಕೇಳುತ್ತೇವೆ. ಆಮೇಲೆ ‘ನಮ್ದೇನಿಲ್ರಿ, ಲೇಔಟಿನ ರೂಲ್ ಹಂಗದ’ ಎನ್ನುತ್ತೇವೆ. ಯಾವ ಲೇಔಟಿನಲ್ಲಿ ಯಾರು ಬರೆದ ರೂಲದು? ಎದುರಿಗಿರುವವರೂ ಪಾಪ, ‘ಆತ್ರಿ’ ಎಂದು ಹೊರಟುಹೋಗುತ್ತಾರೆ. ಅವರು ನಂಬಿದರು ಎಂದು ನಾವು ನಂಬುತ್ತೇವೆ.

ಆದರೆ ರೇಣುಕಾ ನಿಜಕ್ಕೂ ನಂಬಿದ್ದರು. ಪೇಪರಿಗೆ ಬರೆಯುವ ಸರ್ ಹೇಳಿದ ಮೇಲೆ ಮುಗಿಯಿತಲ್ಲ! ಬ್ಲಾಕ್ ತರಿಸಿ ಮನೆಯ ಮುಂದೆ ಒಟ್ಟಿದರು. ಮಾನ್ವಿಯಲ್ಲಿ ಮನೆ ಕಟ್ಟಿಸುತ್ತಿದ್ದ ಅಣ್ಣನಿಗೂ ಫೋನ್ ಮಾಡಿ ತಿಳಿಸಿದರು. ಆ ಪುಣ್ಯಾತ್ಮ ಹೋಗಿ ತನ್ನ ನೆರೆಯವರಿಗೆ ರೂಲ್ ಹೇಳಿ ನಗೆಪಾಟಲಾದ. ಹೇಗೂ ಇರಲಿ, ಪರ್ಮಿಷನ್ ತಗೊಂಡೇ ಗೋಡೆ ಏರಿಸೋಣವೆಂದು ರೇಣುಕಾ ಒಂದು ದಿನ ರಜೆ ಹಾಕಿ ಪಾಲಿಕೆಗೆ ಹೋದರು. ಕಾಂಪೌಂಡ್ ಏರಿಸುವ ಮೊದಲು ಕಚೇರಿಗೆ ಹೋಗಿ ಕೇಳಿದವರು ನಮ್ಮ ರಸ್ತೆಯಲ್ಲಿ ಅವರೊಬ್ಬರೇ ಇರಬೇಕು.

‘ಅಲ್ಲಿ ಇಂಜಿನಿಯರ್ ಸಾಹೇಬ್ರು ನಕ್ಕರ್ರಿ ಸರ್’ ಎಂದರು ರೇಣುಕಾ, ಗೇಟಿನ ಹೊರಗೇ ನಿಂತು. ‘ಇಷ್ಟು ಎತ್ತರ ಕಟ್ಟಲೇಬೇಕು ಅಂತ ಎಲ್ಲೂ ಇಲ್ಲಂತ. ಇಂತಿಷ್ಟಕ್ಕಿಂತ ಎತ್ತರ ಕಟ್ಟಬಾರ್ದು ಅಂತ ಅದಂತ, ನಿಮ್ಮ ಗೋಡಿ ಅದನ್ನ ದಾಟೇದ. ಯಾರು ಹೇಳಿದ್ರು ಅಂತ ಕೇಳಿದ್ರು. ನಿಮ್ಮ ಹೆಸರು ಹೇಳಿದ್ರ ನಿಮ್ಮ ಗೋಡಿಗೇ ತ್ರಾಸ ಆಗತದಂತ ತಿಳಿದು, ಯಾರೋ ಅಂದ್ರು ಅಂದೆ.’

ಓದುಗರೇ, ರೂಲು ಮುರಿದವನು ನಾನು. ನನ್ನನ್ನು ಉಳಿಸಲು ಕಚೇರಿಯಲ್ಲಿ ಪೆದ್ದಿ ಎನ್ನಿಸಿಕೊಂಡು ಬಂದವರು ಅವರು.

ನಾನು ಪೈಪನ್ನು ಕೆಳಗೆ ಹಾಕಿದೆ. ರೇಣುಕಾ ಕೇಳಿದರು. ‘ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಜ್ಜಿ ಸೀರಿ ನಾನು ಮುಟ್ಟಿದ್ದಕ್ಕ ಗೋಡಿ ಏರಿಸಿದ್ರೇನ್ರಿ?’

ಇಷ್ಟು ನೇರವಾದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಬಿಟ್ಟು ನಾನು ತೊದಲಿದೆ. ‘ನಂದೇನಿಲ್ಲಮ್ಮಾ… ನಮ್ಮವ್ವ ಹಳೇ ಕಾಲದಾಕಿ… ಆಕಿ ಸಲುವಾಗಿ…’

‘ಗೊತ್ತಾತು ಬಿಡ್ರಿ ಸರ್.’ ಅಷ್ಟೇ ಅಂದು ತಿರುಗಿ ಹೋದರು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

‘ಸೀರಿ ನೀರಾಗ ಹಾಕಿದ್ದು ನಾನು. ಖರೆ’ ಎಂದಳು. ‘ಗೋಡಿ ಏರಸು ಅಂತ ನಾ ಯಾವಾಗ ಅಂದೆನೋ? ಆ ಹುಡುಗಿ ಬಿಪಿ ನೋಡೋದು ನಿಂತು ಎಷ್ಟು ದಿನಾತು. ಯಾಕ ಬರವಲ್ಲಳು ಅಂತ ನಾ ಕೇಳಿದಾಗ ಡ್ಯೂಟಿ ಜಾಸ್ತಿ ಆಗೇದ ಅಂದಿ. ಅದೂ ನಿಂದೇ ಸುಳ್ಳು. ಈಗ ನನ್ನ ಹೆಸರು ಯಾಕ ಹೇಳಿದಿ?’

ಅಮ್ಮ ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ಆದರೆ ಅವಳು ಮಾಡಿದ್ದನ್ನು ಎದುರಿಗೇ ಮಾಡಿದಳು. ಬದಲಾಗು ಎಂದು ಅವಳಿಗೆ ಹೇಳಬಹುದಿತ್ತು, ಹೇಳಲು ಮನೆಯಲ್ಲಿ ನಾನಿದ್ದೆ. ನಾನು ಮೊದಲು ಪಾಲಿಕೆಯನ್ನು ಮುಂದೆ ಮಾಡಿದೆ. ಅದು ಬಿದ್ದುಹೋದಾಗ ಎಂಬತ್ತು ದಾಟಿದ ತಾಯಿಯನ್ನು ಮುಂದೆ ಮಾಡಿದೆ. ನನ್ನೊಳಗೆ ಏನಿದೆ ಎಂದು ನೋಡಿಕೊಳ್ಳುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದೆ.

ಗೌಂಡಿಗೆ ಫೋನ್ ಮಾಡಿ ಮೂರು ಸಾಲು ತೆಗೆಯಬೇಕೆಂದೆ. ‘ಯಾಕ್ರಿ ಸರ್, ಪಾಲಿಕೆಯವ್ರು ನೋಟಿಸ್ ಕೊಟ್ರೇನು?’ ಎಂದ. ಹೌದೆನ್ನಲು ನಾಲಿಗೆ ತುದಿಗೆ ಬಂದಿತ್ತು, ನೋಡಿ! ಹೇಗೋ ತಡೆದುಕೊಂಡೆ. ‘ಇಲ್ಲಪ್ಪಾ, ನಾನೇ ತಪ್ಪು ಮಾಡೀನಿ’ ಎಂದೆ.

ಆಮೇಲೆ ಪಕ್ಕದ ಮನೆಗೆ ಹೋದೆ. ಇಪ್ಪತ್ತು ಹೆಜ್ಜೆಯ ದಾರಿ. ಅಷ್ಟಕ್ಕೆ ಎರಡು ಸಲ ಹಿಂದಿರುಗಿ ನೋಡಿದೆ. ಬಾಗಿಲಲ್ಲೇ ಎಲ್ಲ ಹೇಳಿದೆ: ರೂಲು ಸುಳ್ಳು, ಅಮ್ಮ ಹೇಳಿದ್ದೆಂಬುದೂ ಸುಳ್ಳು, ಗೋಡೆ ಏರಿಸಿದ್ದು ನಾನೇ. ರೇಣುಕಾ ಪರವಾಗಿಲ್ಲ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ‘ಒಳಗ ಬರ್ರಿ ಸರ್, ಹೊರಗ ಬಿಸಲದ’ ಎಂದು ಚಹಾ ಮಾಡಲು ಹೋದರು.

ಬುದ್ಧನ ಚಿತ್ರದ ಕೆಳಗೆ ಕುರ್ಚಿಯ ಅಂಚಿನಲ್ಲಿ ಕೂತೆ. ಆರು ವರ್ಷಗಳಲ್ಲಿ ಆ ಮನೆಯ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಗೃಹಪ್ರವೇಶಕ್ಕೆ ಕರೆದಾಗ ಹೊರಗಿನಿಂದಲೇ ಶುಭಾಶಯ ಹೇಳಿ ಬಂದಿದ್ದೆ. ಏನೋ ಮೀಟಿಂಗ್ ಇದೆಯೆಂದು.

ಹುಲಿಗೆಮ್ಮ ಎದುರಿಗೆ ನೆಲದ ಮೇಲೆ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ಸಾವಕಾಶವಾಗಿ ನೋಡಿದರು.

‘ನಾ ಕಟ್ಟಿ ಮ್ಯಾಲ ಕುಂತ್ರ ಗೋಡಿ ಆಚಿ ನಿಮ್ಮ ತಲಿ ಒಂದೇ ಕಾಣ್ತಿತ್ರಿ ಯಪ್ಪಾ’ ಎಂದರು. ‘ಪೂರ್ತಿ ಮನಷ್ಯಾನ್ನ ನೋಡಿದ್ದು ಇವತ್ತೇ.’

ಪೂರ್ತಿ ನೋಡಿದ ಮೇಲೆ ಏನನ್ನಿಸಿತು ಎಂದು ಆಕೆಯನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.