ಚೀಲ ಹಿಡಿದು ನಿಂತವಳು

ಅಡುಗೆಯಕ್ಕನ ಬಲಗೈಯ ಮೂರು ಬೆರಳುಗಳು ಈಗ ಮಡಚುವುದಿಲ್ಲ. ಅಂಗೈಗೆ ಅಡ್ಡಲಾಗಿ ಹೊಲಿಗೆ ಬಿದ್ದ ಗೆರೆ. ಪುತ್ತೂರಿನ ನಮ್ಮ ಹಾಸ್ಟೆಲಿನ ಅರುವತ್ತು ಹುಡುಗಿಯರಿಗೆ ದಿನವೂ ತರಕಾರಿ ಹೆಚ್ಚುತ್ತಿದ್ದದ್ದು ಅದೇ ಕೈ.

ರಜೆಯಲ್ಲಿ ಅಲ್ಲಿ ಉಳಿಯುತ್ತಿದ್ದದ್ದು ನಾವಿಬ್ಬರೇ. ಅಮ್ಮ ತೀರಿದ ಮೇಲೆ ನನಗೆ ಹೋಗಲು ಮನೆಯಿರಲಿಲ್ಲ. ಅವರಿಗೆ ಸಂಪಾಜೆಯ ಗಂಡನ ಮನೆಗೆ ಹೋಗುವ ಧೈರ್ಯವಿರಲಿಲ್ಲ. ಎಂ.ಎ. ಪ್ರಬಂಧಕ್ಕೆಂದು ನಾನು ಜೂಡಿತಳ ಚಿತ್ರಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದೆ. ಊರನ್ನು ಮುತ್ತಿದ ಸೇನಾಪತಿಯ ಡೇರೆಗೆ ಹೋಗಿ, ಕುಡಿದು ಮಲಗಿದ್ದ ಅವನ ತಲೆ ಕಡಿದ ಬೈಬಲಿನ ವಿಧವೆ ಆಕೆ. ಪುನರುಜ್ಜೀವನ ಕಾಲದಿಂದ ಬರೋಕ್ ಶೈಲಿಯ ಕಾಲದವರೆಗೆ ಇಟಲಿಯ ಚಿತ್ರಕಾರರು ಅವಳನ್ನು ಮತ್ತೆ ಮತ್ತೆ ಬರೆದರು.

ಅಕ್ಕ ಒಂದೊಂದನ್ನೂ ಬದನೆ ಆರಿಸುವಂತೆ ತಿರುಗಿಸಿ ನೋಡಿದರು. ಒಂದರಲ್ಲಿ ಬಿಳಿ ಅಂಗಿ ತೊಟ್ಟು, ಹಿಂದಕ್ಕೆ ಸರಿದು, ತೋಳು ಚಾಚಿ ಕಡಿಯುವವಳನ್ನು ಕಂಡು ನಕ್ಕರು.

"ಇಷ್ಟು ದೂರ ನಿಂತ್ರೆ ಬೂದುಗುಂಬಳವೂ ತುಂಡಾಗುದಿಲ್ಲ ಮಾರಾಯ್ತಿ. ಪಕ್ಕದಲ್ಲಿ ಈ ಮುದುಕಿ ಎಂತ ಮಾಡುದು?"

"ಕೆಲಸದವಳು. ಕಡಿದ ತಲೆ ಹಾಕ್ಲಿಕ್ಕೆ ಚೀಲ ಹಿಡ್ಕೊಂಡು ನಿಂತದ್ದು."

"ಚೀಲ ಆಮೇಲೆ. ಮೊದ್ಲು ಅವನನ್ನು ಹಿಡೀಬೇಕಲ್ಲ?"

ಹೆಣ್ಣೊಬ್ಬಳು ಬರೆದ ಚಿತ್ರವನ್ನು ತೋರಿಸಿದೆ. ಅದರಲ್ಲಿ ಕೆಲಸದವಳು ಹರೆಯದವಳು. ಮೈಭಾರ ಹಾಕಿ ಅವನನ್ನು ಅದುಮಿದ್ದಾಳೆ. ಅಕ್ಕ ಬಹಳ ಹೊತ್ತು ನೋಡಿದರು.

"ಇದು ಸರಿ ಉಂಟು. ಇವಳಿಗೆ ಜನ ಉಂಟು."

ಮರುವಾರ ಮಧ್ಯಾಹ್ನ ಅವರ ಗಂಡ ಬಂದ. ಬಂದವನೇ ಮೇಜಿನ ಮೇಲಿದ್ದ ಕತ್ತಿ ಎತ್ತಿದ. ಅಕ್ಕ ಬರಿಗೈಯಲ್ಲೇ ಅಲಗನ್ನು ಹಿಡಿದು ನನ್ನತ್ತ ಕೂಗಿದರು: "ಹಿಡಿಯೇ! ಅವನ ಕೈ ಹಿಡಿ!"

ನಾನಿದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಚಿತ್ರಗಳನ್ನು ಎದೆಗವಚಿಕೊಂಡು ಗೋಡೆಗೊರಗಿ ನಿಂತೇ ಇದ್ದೆ, ಗೇಟಿನ ಕಾವಲುಗಾರ ಓಡಿಬಂದು ಅವನನ್ನು ಕೆಡವುವವರೆಗೆ. ಆ ನಾಲ್ಕು ಹೆಜ್ಜೆಯನ್ನು ಈಗಲೂ ದಿನಾ ನಡೆಯುತ್ತೇನೆ. ತಲುಪುವುದಿಲ್ಲ.

ಅವನು ಜೈಲಿನಲ್ಲಿದ್ದಾನೆ. ಅಕ್ಕ ಪೆರಾಬೆಯ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ. ಕಳೆದ ತಿಂಗಳು ಹೋದೆ. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಬೂದುಗುಂಬಳ ತಂದು ನೆಲದ ಮೇಲಿಟ್ಟರು.

"ಅದೆಲ್ಲ ಬಿಡು. ಇದು ನನ್ನೊಬ್ಬಳಿಂದ ಆಗುದಿಲ್ಲ. ಹಿಡಿ."

ಎಡಗೈಯಲ್ಲಿ ಕತ್ತಿ ಎತ್ತಿದರು. ನಾನು ತುದಿಬೆರಳಲ್ಲಿ ಕಾಯಿ ಮುಟ್ಟಿದೆ.

"ಗಟ್ಟಿ ಹಿಡಿ ಮಾರಾಯ್ತಿ, ಜಾರ್ತದೆ."

ಎರಡೂ ಕೈ ಊರಿ, ಮೈಭಾರವೆಲ್ಲ ಹಾಕಿ ಹಿಡಿದೆ. ಕಾಯಿ ಎರಡು ಹೋಳಾದ ಮೇಲೂ ಬಿಡಲಿಲ್ಲ.