ಎಲಿಸಮ್ಮನಿಗೆ ಬಾರಿಸದ ಗಂಟೆ

ಗಂಟೆ ಯರ್ರೆಪ್ಪ ಬಹಳ ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ, ನನ್ನದೇನು ಹೋಗುತ್ತದೆ. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಸೊಸೆಯಾಗಿ ಬಂದಾಗಿನಿಂದ ಅವನ ಒಳ್ಳೆಯತನ ನೋಡುತ್ತಲೇ ಇದ್ದೇನೆ, ಅದು ಕೊಡುವ ತಲೆನೋವನ್ನೂ ನೋಡುತ್ತಿದ್ದೇನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ನಾಲ್ಕನೆಯ ಕಾಲು ತೋರಿಸಿದರೆ ನಿನ್ನ ಕಣ್ಣಿಗೆ ಡಾಕ್ಟರ ಹತ್ತಿರ ಹೋಗು ಅನ್ನುತ್ತಾನೆ.

ನಮ್ಮೂರು ಆದೋನಿಯಿಂದ ಹಾಲಹರವಿಗೆ ಹೋಗುವ ಬಸ್ಸಿನ ದಾರಿಯಿಂದ ಸ್ವಲ್ಪ ಒಳಗಿದೆ. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತೆಲುಗು. ಬೈಯುವುದು ಒಂದರಲ್ಲಿ, ಬೇಡುವುದು ಇನ್ನೊಂದರಲ್ಲಿ; ಹೀಗಾಗಿ ಎರಡೂ ಬೆರೆಯುವುದಿಲ್ಲ ನೋಡು ಎಂದು ಯರ್ರೆಪ್ಪನ ಹೆಂಡತಿ ಸುವಾರ್ತಮ್ಮ ನಗುತ್ತಿದ್ದಳು. ರೇಷನ್ ಕಾರ್ಡಿನಲ್ಲಿ ಅವನು ಯರ್ರೆಪ್ಪ, ಜ್ಞಾನಸ್ನಾನದ ಹೆಸರು ಜಕರಯ್ಯ. ವಯಸ್ಸಿದ್ದಾಗ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸ, ದಿನವಿಡೀ ಹತ್ತಿಯ ಅಂಡಿಗೆ, ಮೂಟೆ ಹೊತ್ತು ಸಂಜೆ ಬಸ್ಸಿಗೆ ಬಂದು, ಕೈಕಾಲು ತೊಳೆದು, ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು ಚರ್ಚಿನ ಗಂಟೆ ಹೊಡೆಯುತ್ತಿದ್ದ. ಆಮೇಲೆಯೇ ಚಹಾ. ನನ್ನ ಕೈ ಹಿಡಿದದ್ದಕ್ಕಿಂತ ಆ ಹಗ್ಗ ಹಿಡಿದದ್ದೇ ಹೆಚ್ಚು ಎಂದು ಸುವಾರ್ತಮ್ಮ ಎಲ್ಲರ ಮುಂದೆಯೇ ಕಾಲೆಳೆಯುತ್ತಿದ್ದಳು, ಅವನು ಕೇಳಿಸದವನ ಹಾಗೆ ಇರುತ್ತಿದ್ದ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಗಂಟೆ ಆಗಬೇಕು. ಪೂಜೆಯ ಗಂಟೆ ಅವಸರದ್ದು, ಸಾವಿನ ಗಂಟೆ ನಿಧಾನದ್ದು. ಒಂದು ಏಟು ಹೊಡೆದು ಅದರ ಸದ್ದು ಪೂರ್ತಿ ಆರುವವರೆಗೆ ಕಾದು ಇನ್ನೊಂದು. ಹೊಲದಲ್ಲಿ ಬಗ್ಗಿದವರು ಎದ್ದು ನಿಂತು ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಕುರಿ ಕಾಯುವ ಜಂಬಪ್ಪ ನಮ್ಮ ಚರ್ಚಿನವನಲ್ಲ, ಆದರೂ ತಲೆಯ ಮೇಲಿನ ಟವೆಲ್ಲು ತೆಗೆದು ನಿಲ್ಲುತ್ತಾನೆ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಸುದ್ದಿ ಗಂಟೆಗಿಂತ ಮೊದಲೇ ಗುಂಟೂರಿಗೆ ಕೂಲಿಗೆ ಹೋದವರಿಗೂ ಮುಟ್ಟಿರುತ್ತದೆ. ಆದರೂ ಗಂಟೆ ಆಗದೆ ಹೋದರೆ ಹೇಳದೆ ಎದ್ದು ಹೋದ ಹಾಗೆ. ಸತ್ತವರ ಮನೆಗೆ ಬಂದವರು ಮೊದಲು ಕೇಳುವುದೂ ಅದನ್ನೇ: ಗಂಟೆ ಆಯಿತಾ?

ಒಂದು ಹೊತ್ತಿನಲ್ಲಿ ಮಾತ್ರ ಆ ಗಂಟೆ ಬಾಯಿ ಬಿಡುವುದಿಲ್ಲ. ಪವಿತ್ರ ಗುರುವಾರ ಫಾದರ್ ಊರಿನ ಹನ್ನೆರಡು ಮಂದಿಯನ್ನು ಶಿಷ್ಯರೆಂದು ಕೂರಿಸಿ ಕಾಲು ತೊಳೆಯುವ ಪೂಜೆಯಿಂದ ಹಿಡಿದು ಶನಿವಾರ ಸಂಜೆ ಈಸ್ಟರ್ ಹಬ್ಬದ ಪೂಜೆಯಲ್ಲಿ ಮಹಿಮೆಯ ಹಾಡು ಏಳುವವರೆಗೆ ಗಂಟೆ ಮೌನ. ಕ್ರಿಸ್ತ ಸಮಾಧಿಯಲ್ಲಿದ್ದಾನೆ, ಸದ್ದು ಕೂಡದು. ಅದರ ಬದಲು ಮರದ ಗಿಲಕಿ ತಿರುಗಿಸುತ್ತಾರೆ, ಅದು ಕಟಕಟ ಎನ್ನುತ್ತದೆ. ಗುರುವಾರ ರಾತ್ರಿ ಯರ್ರೆಪ್ಪ ಹಗ್ಗವನ್ನು ಎತ್ತಿ ಮೇಲಿನ ಗೂಟಕ್ಕೆ ಸುತ್ತಿಬಿಡುತ್ತಿದ್ದ. ಮಕ್ಕಳು ಜಿಗಿದರೂ ಎಟುಕುತ್ತಿರಲಿಲ್ಲ.

ನಾಲ್ಕೈದು ವರ್ಷದ ಹಿಂದೆ ಎಲಿಸಮ್ಮ ತೀರಿಕೊಂಡದ್ದು ಪವಿತ್ರ ಶನಿವಾರ ಬೆಳಗ್ಗೆ. ಶುಭ ಶುಕ್ರವಾರ ಶಿಲುಬೆ ಹಾದಿಯ ಮೆರವಣಿಗೆ ಮುಗಿಸಿ ಬಿಸಿಲಲ್ಲಿ ಬಳಲಿ ಬಂದ ಊರಿಗೆಲ್ಲ ಗಂಜಿ ಕಾಯಿಸುತ್ತಿದ್ದವಳು ಅವಳೇ. ಹಿಂದಿನ ದಿನ ಕೂಡ ಕಾಯಿಸಿದ್ದಳು. ಅವಳ ಮಗ ಪಂಪಣ್ಣ ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆ ಹೋಗಿದ್ದವನು ಹಬ್ಬಕ್ಕೆಂದು ಆ ಬೆಳಗ್ಗೆಯೇ ಆದೋನಿಯಲ್ಲಿ ರೈಲು ಇಳಿದು ಬಂದ. ತಾಯಿ ಮುಖ ನೋಡಿ ನೇರ ಚರ್ಚಿಗೆ ಬಂದು ಗಂಟೆ ಹೊಡಿ ಮಾವ ಎಂದು ಯರ್ರೆಪ್ಪನನ್ನು ಕೇಳಿದ. ಯರ್ರೆಪ್ಪ ಆಗುವುದಿಲ್ಲ ಎಂದ. ಪಂಪಣ್ಣ ಕೈ ಮುಗಿದ. ಒಂದು ಏಟಾದರೂ ಹೊಡಿ ಎಂದ. ಚರ್ಚಿನ ಅಂಗಳದಲ್ಲಿ ಹಿಂದಿನ ಭಾನುವಾರದ ಈಚಲ ಗರಿ ಗುಡಿಸುತ್ತಿದ್ದ ನಾನು ಪೊರಕೆ ಬಿಟ್ಟು ನೋಡುತ್ತಾ ನಿಂತಿದ್ದೆ.

"ಆ ಕ್ರಿಸ್ತ ಸ್ವಾಮೀನ ಗಂಟಿ ಇಲ್ದ ಹೋಗ್ಯಾನ," ಎಂದ ಯರ್ರೆಪ್ಪ. "ನಿಮ್ಮವ್ವ ಆತನಿಗಿಂತ ದೊಡ್ಡಾಕಿ ಏನು?"

ಇಂಥ ಮಾತು ಹೇಳುತ್ತಾರೆಯೇ ಸತ್ತ ಮನೆಯವನಿಗೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಪಂಪಣ್ಣ ತಿರುಗಿ ಹೋದ. ಗಿಲಕಿಯ ಕಟಕಟದಲ್ಲೇ ಎಲಿಸಮ್ಮನನ್ನು ಮಣ್ಣು ಮಾಡಿದೆವು. ಆವತ್ತು ಸುವಾರ್ತಮ್ಮ ಗಂಡನಿಗೆ ಊಟ ಬಡಿಸಲಿಲ್ಲ, ಗೋಡೆಯಾಚೆಯಿಂದ ಅವಳು ಬೈದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಿಯಮ ನಾನು ಮಾಡಿದ್ದಲ್ಲ ಎಂದು ಅವನು, ಆ ಮಾತು ಮಾತ್ರ ನೀನೇ ಆಡಿದ್ದು ಎಂದು ಅವಳು. ಅಂದಿನಿಂದ ಪಂಪಣ್ಣ ಪೂಜೆಗೆ ಬರುವುದು ಬಿಡಲಿಲ್ಲ, ಆದರೆ ಹೊಸಿಲು ದಾಟುವುದನ್ನು ಬಿಟ್ಟ. ಹೊರಗೆ ಬೇವಿನ ಮರದ ಕೆಳಗೆ ನಿಂತು ಕೇಳಿ, ಅಲ್ಲಿಂದಲೇ ಹೋಗುತ್ತಿದ್ದ. ಯರ್ರೆಪ್ಪ ಅವನನ್ನು ನೋಡಿಯೂ ನೋಡದ ಹಾಗೆ ಗಂಟೆ ಹೊಡೆಯುತ್ತಿದ್ದ.

ಈ ವರ್ಷ, ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ಸುವಾರ್ತಮ್ಮ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಆದೋನಿಯಲ್ಲಿ ತೋರಿಸಿ, ಬಳ್ಳಾರಿಯಲ್ಲಿ ತೋರಿಸಿ, ಕೊನೆಗೆ ಮನೆಗೇ ಕರೆದುಕೊಂಡು ಬಂದಿದ್ದರು. ಬೂದಿ ಬುಧವಾರ ಫಾದರ್ ಮನೆಗೇ ಬಂದು ಹಣೆಗೆ ಬೂದಿ ಹಚ್ಚಿದರು. ಅವರು ಹೋದ ಮೇಲೆ ಅವಳು ಯರ್ರೆಪ್ಪನನ್ನು ಹತ್ತಿರ ಕರೆದಳು. ನಾನು ಅವಳ ಕಾಲು ಒತ್ತುತ್ತಿದ್ದೆ.

"ನನಗ ಗಂಟಿ ನೀನ ಹೊಡಿ," ಎಂದಳು. "ಅವಸರ ಮಾಡಬ್ಯಾಡ. ಜಂಬಪ್ಪನ ಕುರಿ ತನಕ ಕೇಳಬೇಕು ನೋಡು."

ಅವನು ಆಯಿತು ಎಂದ. ಅವಳು ಇನ್ನೇನನ್ನೂ ಕೇಳಲಿಲ್ಲ. ಸೀರೆ ಯಾವುದು ಉಡಿಸಬೇಕು, ಓಲೆ ಯಾರಿಗೆ ಎಂದು ಎಲ್ಲ ಹೆಂಗಸರೂ ಹೇಳುತ್ತಾರೆ, ಇವಳಿಗೆ ಬೇಕಿದ್ದದ್ದು ಅದೊಂದೇ. ಎಷ್ಟೋ ಮಂದಿಯ ಸಾವಿಗೆ ಗಂಡ ಹೊಡೆದ ಗಂಟೆ ಕೇಳಿದವಳು. ತನ್ನದು ತನಗೆ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲವೇ? ಆದರೂ ಆಸೆ.

ಆ ನಲವತ್ತು ದಿನಗಳಲ್ಲಿ ಯರ್ರೆಪ್ಪನ ಮುಖ ಇಳಿಯುತ್ತಾ ಬಂದದ್ದನ್ನು ನಾನು ಕಂಡಿದ್ದೇನೆ. ವಾರ ಕಳೆದಂತೆ ಅವಳು ಸೊರಗಿದಳು, ಹಬ್ಬ ಹತ್ತಿರವಾಯಿತು. ಗರಿಗಳ ಭಾನುವಾರ ಮೆರವಣಿಗೆ ಮುಗಿಸಿ ಬಂದು ಅವಳ ತಲೆಯ ಹತ್ತಿರ ಈಚಲ ಗರಿಯ ಶಿಲುಬೆ ಸಿಕ್ಕಿಸಿದ. ಬುಧವಾರ ನಮ್ಮ ಕಟ್ಟೆಯ ಮೇಲೆ ಕೂತವನು, ಕರುಣಮ್ಮ, ಆಕಿ ಹಬ್ಬ ದಾಟತಾಳಲ್ಲ ಎಂದು ನನ್ನನ್ನು ಕೇಳಿದ. ಹೆಂಡತಿ ಉಳಿಯುವುದಿಲ್ಲ ಎಂದು ಅವನು ಒಪ್ಪಿಕೊಂಡಿದ್ದ. ಆ ಮೂರು ದಿನ ದಾಟಿ ಹೋಗಲಿ ಎಂದು ಬೇಡುತ್ತಿದ್ದ, ಪಾಪ. ಸಿಟ್ಟಿನವಳಾದ ನಾನೂ ಆವತ್ತು ಒಂದು ಲೋಟ ಚಹಾ ತಂದು ಅವನ ಕೈಗಿಟ್ಟೆ.

ಅವಳು ದಾಟಲಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ, ಊರಿನವರೆಲ್ಲ ಶಿಲುಬೆ ಹಾದಿಯಲ್ಲಿ ಗುಡ್ಡದ ಕಡೆ ಹೋಗಿದ್ದಾಗ, ನನ್ನ ಕೈಯಿಂದ ಒಂದು ಚಮಚ ನೀರು ಕುಡಿದು ಸುವಾರ್ತಮ್ಮ ಉಸಿರು ಬಿಟ್ಟಳು. ಯರ್ರೆಪ್ಪ ಗಿಲಕಿ ಹಿಡಿದು ಮೆರವಣಿಗೆಯ ಮುಂದಿದ್ದ. ನಾನೇ ಓಡಿ ಹೋಗಿ ಹೇಳಿದೆ. ಅವನು ಗಿಲಕಿಯನ್ನು ಪಕ್ಕದವನ ಕೈಗೆ ಕೊಟ್ಟು ಇಳಿದು ಬಂದ. ಮನೆಗೆ ಬಂದು ಅವಳ ಮುಖ ಒರೆಸಿದ, ಆಮೇಲೆ ಎದ್ದು ಚರ್ಚಿಗೆ ಹೋದ. ನಾನೂ ಹಿಂದೆ ಹೋದೆ. ಗೂಟಕ್ಕೆ ಸುತ್ತಿದ ಹಗ್ಗದ ಕೆಳಗೆ ಕತ್ತೆತ್ತಿ ನಿಂತಿದ್ದ.

ಹೊಡಿ ಎಂದೆ. ಊರಿನಲ್ಲಿ ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ, ಹೊಡಿ ಎಂದು ಕೂಗಾಡಿದೆ. ಆ ಹೊತ್ತಿಗೆ ಜನ ಗುಡ್ಡದಿಂದ ಇಳಿದು ಅಂಗಳ ತುಂಬಿದ್ದರು. ಅವರೂ ಅದನ್ನೇ ಹೇಳಿದರು. ಬೇವಿನ ಮರದ ಕೆಳಗೆ ಪಂಪಣ್ಣ ನಿಂತಿದ್ದ. ಯರ್ರೆಪ್ಪ ಅವನ ಕಡೆ ಒಮ್ಮೆ ನೋಡಿದ, ನನ್ನ ಕಡೆ ತಿರುಗಿದ.

"ಎಲಿಸಮ್ಮಗ ಇಲ್ದದ್ದು ಈಕಿಗೆ ಹೆಂಗ ಹೊಡೀಲವ್ವಾ?" ಎಂದ.

ನನಗೆ ಮೈ ಉರಿಯಿತು. ಪಂಪಣ್ಣನಿಗೆ ಆಡಿದ ಮಾತು ನಿನ್ನದು, ಶಿಕ್ಷೆ ಸುವಾರ್ತಮ್ಮನಿಗಾ ಎಂದು ಕೇಳಿಯೇ ಬಿಟ್ಟೆ. ಅವನು ಅಂಗಿಯ ಮೇಲಿನ ಗುಂಡಿಯನ್ನು ಹಾಕುತ್ತಾ ತೆಗೆಯುತ್ತಾ ನಿಂತಿದ್ದ.

ಶನಿವಾರ ಬೆಳಗ್ಗೆ ಮಣ್ಣು ಕೊಡಲು ಆದೋನಿಯಿಂದ ಈ ವರ್ಷ ಬಂದ ಹೊಸ ಫಾದರ್ ಮೋಟಾರು ಸೈಕಲ್ಲಿನಲ್ಲಿ ಬಂದರು. ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಸಮಾಧಿಯ ಹತ್ತಿರ ಪ್ರಾರ್ಥನೆ ಮುಗಿಸಿ, ಯರ್ರೆಪ್ಪನ ಹೆಗಲ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಸಮಾಧಾನ ಹೇಳಿದರು. ಈ ದಿನಗಳಲ್ಲಿ ಗಂಟೆ ಇಲ್ಲ ಎಂದು ಬೇಸರ ಬೇಡ, ಹಬ್ಬ ಮುಗಿದ ಮೇಲೆ ಸೋಮವಾರ ಅವಳ ಹೆಸರಿನಲ್ಲಿ ಹೊಡಿ, ಅದಕ್ಕೇನು ಅಡ್ಡಿ ಎಂದರು. ಎಷ್ಟು ಸಲೀಸಾಗಿ ಹೇಳಿದರು ಅಂತೀರಿ! ಮಳೆ ನಿಂತ ಮೇಲೆ ಹೋಗು ಎಂದ ಹಾಗೆ.

ಯರ್ರೆಪ್ಪ ಅವರ ಮುಖವನ್ನೇ ನೋಡಿದ. ಸೋಮವಾರವಾ ಎಂದು ಮೆಲ್ಲಗೆ ಕೇಳಿದ. ಫಾದರ್ ಹೌದು ಎಂದರು. ಅವನು ಅಲ್ಲೇ ಮಣ್ಣಿನ ಗುಡ್ಡೆಯ ಪಕ್ಕ ಕುಸಿದು ಕೂತ. ಹೆಂಡತಿಯ ದುಃಖ ಎಂದುಕೊಂಡು ಜನ ಎತ್ತಲು ಬಂದರು. ಆದರೆ ಅವನು ನೋಡುತ್ತಿದ್ದದ್ದು ಎರಡು ಸಾಲು ಆಚೆಗಿನ ಎಲಿಸಮ್ಮನ ಸಮಾಧಿಯ ಕಡೆ. ಎರಡು ದಿನ ಕಾಯಿ, ಸೋಮವಾರ ಹೊಡೆಯುತ್ತೇನೆ ಎಂದು ಪಂಪಣ್ಣನಿಗೆ ಹೇಳಬಹುದಿತ್ತು. ಅವನಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಸತ್ತ ದಿನ ಆಗದಿದ್ದರೆ ಇನ್ನು ಆಗುವುದೇ ಇಲ್ಲ ಎಂದುಕೊಂಡ ಮಂದಿ ನಾವು.

ಶನಿವಾರ ಸಂಜೆ ಮಹಿಮೆಯ ಹಾಡಿಗೆ ಅವನೇ ಗಂಟೆ ಹೊಡೆದ. ಹೆಂಡತಿಯನ್ನು ಬೆಳಗ್ಗೆ ಮಣ್ಣು ಮಾಡಿದವನು ಸಂಜೆ ಊರಿಗೆ ಹಬ್ಬ ತಂದ. ಜನ ಕಣ್ಣೀರು ಹಾಕಿದರು, ಎಂಥ ಮನುಷ್ಯ ಎಂದರು. ನನಗೆ ಮಾತ್ರ ಆ ಸದ್ದು ಬೇಡವಾಗಿತ್ತು, ಎದ್ದು ಹೊರಗೆ ಬಂದೆ. ಭಾನುವಾರ ಎಲ್ಲರ ಮನೆಯಲ್ಲಿ ಮಸಾಲೆಯ ವಾಸನೆ ಎದ್ದಿತ್ತು. ಯರ್ರೆಪ್ಪನ ಮನೆಯ ಒಲೆಗೆ ನಾನೇ ಬೆಂಕಿ ಹಚ್ಚಿ ಅನ್ನ ಮಾಡಿಟ್ಟೆ, ಅವನು ಮುಟ್ಟಲಿಲ್ಲ.

ಸೋಮವಾರ ಬೆಳಗ್ಗೆ ಅವನು ಚರ್ಚಿಗೆ ಹೋಗಲಿಲ್ಲ, ಪಂಪಣ್ಣನ ಮನೆಗೆ ಹೋದ. ನನ್ನನ್ನೂ ಬಾ ಎಂದು ಕರೆದ, ಒಬ್ಬನೇ ಹೋಗುವ ಧೈರ್ಯ ಇರಲಿಲ್ಲವೇನೋ. ಪಂಪಣ್ಣ ಅಂಗಳದಲ್ಲಿ ಮಂಚದ ನುಲಿ ಬಿಗಿಯುತ್ತಿದ್ದ. ಯರ್ರೆಪ್ಪ ನಿಂತೇ ಹೇಳಿದ. ಅವತ್ತು ಆಡಬಾರದ ಮಾತು ಆಡಿದೆ ಎಂದ. ಸೋಮವಾರ ಹೊಡೆಯಬಹುದಿತ್ತಂತೆ, ನನಗೆ ತಿಳಿಯಲಿಲ್ಲ ಎಂದ. ಈಗ ಸುವಾರ್ತಮ್ಮನಿಗೆಂದು ಹಗ್ಗ ಹಿಡಿದರೆ ಕೈ ಏಳುವುದಿಲ್ಲ ಎಂದ. ಪಂಪಣ್ಣ ನುಲಿಯನ್ನು ಗಂಟು ಹಾಕಿ ಮುಗಿಸಿದ, ಆಮೇಲೆ ತಲೆ ಎತ್ತಿದ. ಸುವಾರ್ತತ್ತೆ ನಮ್ಮವ್ವನಿಗಾಗಿ ನಿನ್ನ ಕೂಡ ಜಗಳ ಆಡಿದ್ದಳಂತೆ ಎಂದಷ್ಟೇ ಹೇಳಿ, ಕೈ ತೊಳೆದುಕೊಂಡು ನಮ್ಮ ಮುಂದೆ ನಡೆದ.

ಬೇವಿನ ಮರದ ಹತ್ತಿರ ಒಂದು ಗಳಿಗೆ ನಿಂತ. ಚಪ್ಪಲಿ ಬಿಟ್ಟು ಒಳಗೆ ಬಂದ. ಹಗ್ಗ ಹಿಡಿದು ಯರ್ರೆಪ್ಪನ ಕಡೆ ಚಾಚಿದ. ಯರ್ರೆಪ್ಪ ಹಿಡಿದ, ಎಳೆಯಲು ನೋಡಿದ, ಬಿಟ್ಟುಬಿಟ್ಟ. ಆಗ ಸುವಾರ್ತಮ್ಮನಿಗಾಗಿ ಪಂಪಣ್ಣ ತಾನೇ ಎಳೆದ. ನಿಧಾನದ ಗಂಟೆ. ಒಂದರ ಸದ್ದು ಆರುವವರೆಗೆ ಕಾದು ಇನ್ನೊಂದು. ಕಾಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ದೂರದ ಬೀಳಿನಲ್ಲಿ ಜಂಬಪ್ಪ ಟವೆಲ್ಲು ತೆಗೆದು ನಿಂತದ್ದು ಬಾಗಿಲಿನಿಂದ ಕಂಡಿತು. ಸುವಾರ್ತಮ್ಮ ನೀನೇ ಹೊಡಿ ಎಂದಿದ್ದಳು. ಯರ್ರೆಪ್ಪ ಗೋಡೆಗೆ ಒರಗಿ, ಬಾಯಿಗೆ ಟವೆಲ್ಲು ಒತ್ತಿಕೊಂಡು ಅಳುತ್ತಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನೂ ಅತ್ತುಬಿಟ್ಟೆ.

ಗಂಟೆ ನಿಂತಿತು. ಯರ್ರೆಪ್ಪ ಕಣ್ಣು ಒರೆಸಿಕೊಂಡು ಹತ್ತಿರ ಬಂದ. ಇನ್ನೂ ತೂಗುತ್ತಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದ. ಈ ಸಲ ಬಿಡಲಿಲ್ಲ. ಎಲಿಸಮ್ಮನಿಗೆ ಈಗ ನಾನು ಹೊಡೆಯುತ್ತೇನೆ ಎಂದ.

ಪಂಪಣ್ಣ ಹಗ್ಗವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿದ.

"ಬ್ಯಾಡ ಮಾವ," ಎಂದ. "ಅದು ಅವತ್ತು ಬೇಕಿತ್ತು."